ಸತ್ತಂ ಅಂದರೆ ಸದ್ದು

ಮೈಕಿನ ಮುಂದೆ ಕೂರುವ ಮೊದಲು ಬಳೆ ತೆಗೆದಿಡಬೇಕು. ಗಾಜಿನದಾದರೂ ಸರಿ, ಚಿನ್ನದ್ದಾದರೂ ಸರಿ. ಹೊಸದಾಗಿ ಗಂಜಿ ಹಾಕಿದ ಸೀರೆ ಉಡಬಾರದು. ನೀವು ಉಸಿರೆಳೆದುಕೊಂಡಾಗಲೆಲ್ಲ ಅದೂ ಮಾತಾಡುತ್ತದೆ. ಊಟವಾದ ಕೂಡಲೇ ಓದಬಾರದು, ಹೊಟ್ಟೆಯ ಗುರುಗುರು ಟೇಪಿಗೆ ಹತ್ತುತ್ತದೆ. ಹಸಿದುಕೊಂಡೂ ಓದಬಾರದು, ಆಗಲೂ ಹತ್ತುತ್ತದೆ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರು ನನ್ನನ್ನು ಕೇಳುವುದು ಬೇರೆ: ದನಿ ಹೇಗೆ ಕಾಪಾಡಿಕೊಂಡಿರಿ, ಬಿಸಿನೀರಿಗೆ ಏನು ಹಾಕಿ ಕುಡಿಯುತ್ತಿದ್ದಿರಿ ಎಂದು. ಏನೂ ಹಾಕುತ್ತಿರಲಿಲ್ಲ. ದನಿ ತನ್ನಷ್ಟಕ್ಕೆ ತಾನು ಇರುತ್ತದೆ. ಎಚ್ಚರ ಬೇಕಾಗಿರುವುದು ಉಳಿದ ಸದ್ದುಗಳ ಬಗ್ಗೆ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಮದ್ರಾಸಿಗೆ ಬಂದೆ. ನಮ್ಮವರಿಗೆ ವಿಮಾ ಕಂಪನಿಯಲ್ಲಿ ಕೆಲಸ. ಅಣ್ಣಾ ನಗರದಲ್ಲಿ ಮನೆ ಮಾಡಿದಾಗ ಅಕ್ಕಪಕ್ಕದ ಸೈಟುಗಳಲ್ಲಿ ಇನ್ನೂ ಎಮ್ಮೆ ಮೇಯುತ್ತಿದ್ದವು, ರಸ್ತೆ ಮಾತ್ರ ಅಗಲವಾಗಿತ್ತು. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ, ಎಪ್ಪತ್ತರ ದಶಕದ ನಡುವಿನಲ್ಲಿ, ವೇಪೇರಿಯ ಒಂದು ಚಿಕ್ಕ ಸ್ಟುಡಿಯೋದಲ್ಲಿ ಕನ್ನಡ ಓದಲು ಹೆಂಗಸಿನ ದನಿ ಬೇಕಂತೆ ಎಂದು ಗೊತ್ತಾಯಿತು. ದಕ್ಷಿಣದ ಭಾಷೆಗಳಲ್ಲಿ ಕ್ರೈಸ್ತ ಭಾಷಣಗಳನ್ನು ಅಲ್ಲಿ ಧ್ವನಿಮುದ್ರಿಸುತ್ತಿದ್ದರು. ಆ ಟೇಪುಗಳು ಪಾರ್ಸಲ್ಲಿನಲ್ಲಿ ಸಮುದ್ರದಾಚೆಯ ಪ್ರಸಾರ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಶಾರ್ಟ್‌ವೇವ್ ಆಗಿ ಕರ್ನಾಟಕದ ಊರುಗಳಿಗೆ ವಾಪಸು ಬರುತ್ತಿದ್ದವು. ವೇಪೇರಿಯಲ್ಲಿ ಆಡಿದ ಮಾತು ಗದಗಿಗೆ ಹೋಗಲು ಅಷ್ಟು ಸುತ್ತಬೇಕಿತ್ತು.

ಕನ್ನಡ ವಿಭಾಗದ ಮುಖ್ಯಸ್ಥರು ದೇವದಾನ ಸಾರ್. ಹುಬ್ಬಳ್ಳಿಯವರು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಂದು ಬರೆಯಲು, ಒಂದು ಹೊಡೆದುಹಾಕಲು. ನನ್ನ ಕೈಗೆ ಇಂಗ್ಲಿಷಿನ ಒಂದು ಪುಟ ಕೊಟ್ಟು, ನೋಡಿಕೊಂಡು ಹಾಗೇ ಕನ್ನಡದಲ್ಲಿ ಓದಿ ಎಂದರು. ಓದಿದೆ.

"ನೀವು ಕ್ರೈಸ್ತರಲ್ಲ, ಹೌದಲ್ರೀ ಅಕ್ಕಾರ?" ಎಂದರು.

"ಅಲ್ಲ ಸಾರ್."

"ಇದನ್ನೆಲ್ಲಾ ನಂಬ್ತೀರೇನು?"

"ಓದ್ತೀನಿ ಸಾರ್."

ಅವರು ನಕ್ಕರು. "ಸಾಕು ಬಿಡ್ರಿ. ನಂಬೂದು ಕೇಳೋರ ಕೆಲಸ."

ನನಗೆ ಶಿಲುಬೆ ಹೊಸದಲ್ಲ. ಕಾನ್ವೆಂಟಿನಲ್ಲಿ ಕರಿಹಲಗೆಯ ಮೇಲ್ಗಡೆ, ಗಡಿಯಾರದ ಪಕ್ಕ ಅದು ಇತ್ತು. ಎರಡು ಪಾದ ಒಂದರ ಮೇಲೊಂದು, ಎರಡಕ್ಕೂ ಸೇರಿ ಒಂದೇ ಮೊಳೆ. ಮೊಣಕಾಲಿನ ಬಣ್ಣ ಹೋಗಿ ಸುಣ್ಣದಂಥ ಬಿಳಿ ಕಾಣುತ್ತಿತ್ತು. ಭಾಗಾಕಾರ ಮಾಡುತ್ತಾ, ಶೇಷ ಬರದೆ ಕಷ್ಟವಾದಾಗ ಆ ಮೊಣಕಾಲನ್ನು ನೋಡುತ್ತಿದ್ದೆ. ಅಷ್ಟು ವರ್ಷ ನೋಡಿದರೂ, ಅಲ್ಲಿ ಒಬ್ಬ ಮನುಷ್ಯನಿಗೆ ನೋವಾಗುತ್ತಿದೆ ಎಂದು ನನಗೆ ಅನ್ನಿಸಿರಲಿಲ್ಲ. ಗಡಿಯಾರದ ಹಾಗೆ ಅದೂ ಗೋಡೆಯದ್ದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಎಡವಟ್ಟಾಯಿತು. ಅದನ್ನು ಹೇಳಿಬಿಡುತ್ತೇನೆ, ಮದ್ರಾಸಿನಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಇದು ಬೇಕಾಗುತ್ತದೆ. ನನ್ನ ಮಗಳು ಮನೆಯಲ್ಲಿ ತಮಿಳು ಬೆರೆಸಿಯೇ ಮಾತಾಡುತ್ತಿದ್ದಳು. ಕ್ಯಾಲೆಂಡರ್ ತೂಗುಹಾಕಬೇಕು ಎಂದರೆ "ಆಣಿ ಎಲ್ಲಮ್ಮಾ?" ಎನ್ನುವಳು. ತಮಿಳಿನಲ್ಲಿ ಆಣಿ ಎಂದರೆ ಮೊಳೆ. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದಿತ್ತು. ಹಾಳೆಯಲ್ಲಿ 'ಮೊಳೆ' ಎಂದು ನಾನೇ ಬರೆದಿದ್ದೆ, ಮೈಕಿನ ಮುಂದೆ ಮಾತ್ರ ಗಂಭೀರವಾಗಿ, "ಆತನ ಎರಡು ಕೈಗಳಲ್ಲೂ ಆಣಿಗಳಿದ್ದವು" ಎಂದು ಓದಿಬಿಟ್ಟೆ. ನನಗೆ ಗೊತ್ತೇ ಆಗಲಿಲ್ಲ. ದೇವದಾನ ಸಾರ್ ಗಾಜಿನ ಕಿಟಕಿಯಾಚೆ ತಲೆ ಹಿಡಿದುಕೊಂಡು ಕೂತಿದ್ದರು.

"ಅಕ್ಕಾರ, ಯೇಸುಸ್ವಾಮಿಗೆ ಚಪ್ಪಲಿ ಹತ್ತತಿದ್ದಿಲ್ಲೇನ್ರೀ?"

"ಯಾಕೆ ಸಾರ್?"

"ಆಣಿ ಅಂಗಾಲಾಗ ಆಗತೈತಿ. ಕೈಯಾಗ ಹೆಂಗ ಆತು?"

ಆ ಮೇಲೆ ಬಹಳ ದಿನ, ಸ್ಟುಡಿಯೋದಲ್ಲಿ ಯಾರಿಗೆ ಕಾಲು ನೋವು ಬಂದರೂ ನನ್ನ ಕಡೆ ನೋಡಿ ನಗುತ್ತಿದ್ದರು.

ಇನ್ನೊಂದು ಪದದ ತೊಂದರೆ ನನ್ನದಲ್ಲ, ನಮ್ಮ ಧ್ವನಿಮುದ್ರಣದ ಸೆಲ್ವರಾಜನದು. ಅವನು ತಮಿಳಿನವನು. ಕನ್ನಡ ಅರ್ಥವಾಗದಿದ್ದರೂ ಕಿವಿ ಬಹಳ ಸೂಕ್ಷ್ಮ. ನಾನು 'ಸತ್ತ' ಎಂದು ಓದಿದಾಗಲೆಲ್ಲ ಯಂತ್ರ ನಿಲ್ಲಿಸಿ ಇಯರ್‌ಫೋನ್ ಒತ್ತಿ ಹಿಡಿದು ಕೇಳಿ, "ಎನ್ನ ಸತ್ತಂ ಮೇಡಂ? ಒಣ್ಣುಂ ವರಲಿಯೇ!" ಎನ್ನುತ್ತಿದ್ದ. ಏನು ಸದ್ದು, ಏನೂ ಬರುತ್ತಿಲ್ಲವಲ್ಲ ಎಂದು. ಏನೋ ಸದ್ದಾಗುತ್ತಿದೆ ಎಂದು ನಾನು ದೂರುತ್ತಿದ್ದೇನೆ ಅಂದುಕೊಂಡಿದ್ದ. ತಮಿಳಿನಲ್ಲಿ ಸತ್ತಂ ಅಂದರೆ ಸದ್ದು. ಅವನ ಕಾಟಕ್ಕೆ ಕೆಲವು ದಿನ ನಾನು 'ಮರಣ ಹೊಂದಿದನು' ಎಂದೇ ಬರೆದೆ. ದೇವದಾನ ಸಾರ್ ಎರಡನೇ ಪೆನ್ನು ತೆಗೆದು ಎಲ್ಲ ಹೊಡೆದರು.

"ನಮ್ಮ ಕಡೆ ಯಾರೂ ಮರಣ ಹೊಂದೂದಿಲ್ರಿ. ಸಾಯ್ತಾರ." ಆಮೇಲೆ ಕಿಟಕಿಗೆ ತಟ್ಟಿ, "ಏ ಸೆಲ್ವರಾಜಾ, ಅದು ಸದ್ದಲ್ಲೋ ಮಾರಾಯಾ, ಸಾವು! ಸಾವು!" ಎಂದರು.

"ಸಾವಾ? ಅಯ್ಯಯ್ಯೋ," ಎಂದು ಸೆಲ್ವರಾಜ್ ಕೆನ್ನೆ ತಟ್ಟಿಕೊಂಡ. ಅಂದಿನಿಂದ ಯಂತ್ರ ನಿಲ್ಲಿಸಲಿಲ್ಲ.

ಕೆಲಸದ ರೀತಿ ಈಗಿನಂತಲ್ಲ. ದೊಡ್ಡ ಸ್ಪೂಲ್ ಟೇಪು. ತಪ್ಪಾದ ಕಡೆ ಹಳದಿ ಪೆನ್ಸಿಲಿನಲ್ಲಿ ಗುರುತು ಮಾಡಿ, ಗಡ್ಡದ ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ, ಬೇಡದ್ದನ್ನು ತೆಗೆದು ಅಂಟಿಸುವುದು. ತೆಗೆದ ತುಂಡುಗಳನ್ನು ಸೆಲ್ವರಾಜ್ ಕೂಡಲೇ ಬಿಸಾಡುತ್ತಿರಲಿಲ್ಲ, ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದ. ಸಂಜೆಯ ಹೊತ್ತಿಗೆ ಆ ಮೊಳೆಯಲ್ಲಿ ನನ್ನ ಕೆಮ್ಮು, ನನ್ನ ಉಗುಳು ನುಂಗಿದ್ದು, ಹೊರಗಿನ ಕಾಗೆ, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲಾ ಕಂದು ರಿಬ್ಬನ್ನಿನಂತೆ ನೇತಾಡುತ್ತಿದ್ದವು. ಧ್ವನಿಮುದ್ರಣದ ವೇಳೆ ಫ್ಯಾನ್ ಆರಿಸಬೇಕಿತ್ತು. ಏಪ್ರಿಲ್ ತಿಂಗಳಲ್ಲಿ ಹೊರಗಿನ ಸದ್ದು ತಡೆಯಲು ಗೋಡೆಗೆ ಹೊಡೆದ ಹಾಸಿಗೆಗಳಿಂದ ಹತ್ತಿಯ ಬೆವರು ವಾಸನೆ ಬರುತ್ತಿತ್ತು. ಒಂದು ಸಲ ವಿದೇಶದಿಂದ ಮೇಲಧಿಕಾರಿಯೊಬ್ಬರು ಬಂದು, ಕನ್ನಡ ಒಂದಕ್ಷರ ಬಾರದಿದ್ದರೂ ತಲೆದೂಗಿ ಕೇಳಿ, ಓದುವಾಗ ಮುಖದಲ್ಲಿ ನಗು ಇರಲಿ, ಕೇಳುವವರಿಗೆ ಅದು ತಿಳಿಯುತ್ತದೆ ಎಂದರು. ನಾನು ಓದುತ್ತಿದ್ದುದು ಶಿಲುಬೆಯಿಂದ ಹೆಣ ಇಳಿಸುವ ಭಾಗ. ನಕ್ಕುಕೊಂಡೇ ಓದಿದೆ. ಅವರು ಹೋದ ಮೇಲೆ ಸೆಲ್ವರಾಜ್ ಆ ಟೇಪನ್ನೂ ಮೊಳೆಗೆ ಹಾಕಿದ.

ಇಷ್ಟು ಹೇಳಿದ್ದು, ಒಂದು ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಾವು ಮಾಡಿದ ಸರಣಿಯ ವಿಷಯಕ್ಕೆ ಬರಲು.

ಶಿಲುಬೆಯ ಬಗ್ಗೆ ಪುರಾವೆಗಳ ಸರಣಿ ಅದು. ಯೇಸು ನಿಜವಾಗಿ ಸತ್ತನೇ, ಬರೀ ಮೂರ್ಛೆ ಹೋಗಿ ಗುಹೆಯ ತಂಪಿನಲ್ಲಿ ಎಚ್ಚರಗೊಂಡನೇ? ಮೊಳೆ ಹೊಡೆದದ್ದು ಅಂಗೈಗೋ ಮಣಿಕಟ್ಟಿಗೋ? ತೂಗಿದ ಮೈಯಲ್ಲಿ ಉಸಿರು ಹೇಗೆ ಕಟ್ಟುತ್ತದೆ? ಈಟಿಯಿಂದ ತಿವಿದಾಗ ರಕ್ತದ ಜೊತೆ ನೀರು ಬಂತು ಎಂದರೆ ವೈದ್ಯರು ಏನು ಹೇಳುತ್ತಾರೆ? ಇಂಗ್ಲಿಷ್ ಮೂಲ ಒಬ್ಬ ವಕೀಲರ ಹಾಗೆ ವಾದಿಸುತ್ತಿತ್ತು. ನಾನು ಬೆಳಿಗ್ಗೆ ಹುಳಿಗೆ ಬೇಳೆ ಇಟ್ಟು, ಅದು ಬೇಯುವ ಹೊತ್ತಿನಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಇದನ್ನು ಅನುವಾದ ಮಾಡುತ್ತಿದ್ದೆ.

ಮೊದಲ ಜಗಳ ಹೆಸರಿಗೇ ಬಂತು. ನಾನು 'ಶಿಲುಬೆಯ ಸಾಕ್ಷಿ' ಎಂದು ಇಟ್ಟಿದ್ದೆ.

"ಬ್ಯಾಡ್ರಿ," ಎಂದರು ದೇವದಾನ ಸಾರ್. "ಪುರಾವೆ ಅನ್ರಿ. ಸಾಕ್ಷಿ ಅಂದ್ರ ನಮ್ಮೊಳಗ ಬ್ಯಾರೆ ಐತಿ."

ಅವರ ಸಭೆಯವರಲ್ಲಿ, ಅಂದರೆ ಅವರ ಚರ್ಚಿನವರಲ್ಲಿ, ಸಾಕ್ಷಿ ಎಂದರೆ ಬರೀ ಕಂಡದ್ದನ್ನು ಹೇಳುವುದಲ್ಲ. ವಿಶ್ವಾಸಿ ಬದುಕುವ ರೀತಿಯೇ ಸಾಕ್ಷಿ. ಕುಡಿದರೆ ಸಾಕ್ಷಿ ಕೆಡುತ್ತದೆ. ಬೀದಿಯಲ್ಲಿ ಜಗಳವಾಡಿದರೆ ಸಾಕ್ಷಿ ಕೆಡುತ್ತದೆ. ಹೊರಗಿನವರು ನೋಡುತ್ತಾರಲ್ಲ, ಅವರ ಕಣ್ಣಿನಲ್ಲಿ ದೇವರ ಮರ್ಯಾದೆ ಹೋಗುತ್ತದೆ ಎಂದು. ಆ ಹೊರಗಿನವರು ಎಂದರೆ ನನ್ನಂಥವರು.

ನಾನು ಪುರಾವೆ ಎಂದು ಬದಲಾಯಿಸಿದೆ.

ಆ ದಿನಗಳಲ್ಲೇ ಅವರ ಹೆಂಡತಿ ಶಾಂತಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದರು. ಸೊಂಟದ ಮೂಳೆಗೆ ಕ್ಯಾನ್ಸರ್ ಇಳಿದಿತ್ತು. ಗುಣವಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ದೇವದಾನ ಸಾರ್ ನನಗೆ ಹವಾಮಾನದಂತೆ ಹೇಳಿದರು. ಶಾಂತಕ್ಕನಿಗೆ ತಮಿಳು ಬಾರದು. ಮಧ್ಯಾಹ್ನದ ಹೊತ್ತು ಸಾರ್ ಸ್ಟುಡಿಯೋ ಬಿಟ್ಟು ಹೋಗುವಂತಿರಲಿಲ್ಲ. ಹಾಗಾಗಿ ನನ್ನ ಓದು ಮುಗಿದ ಮೇಲೆ, ಮಗಳು ಶಾಲೆಯಿಂದ ಬರುವ ಮುಂಚಿನ ಹೊತ್ತಿನಲ್ಲಿ, ನಾನು ವಾರ್ಡಿಗೆ ಹೋಗಿ ನರ್ಸುಗಳಿಗೂ ಅವರಿಗೂ ನಡುವೆ ಮಾತು ದಾಟಿಸುತ್ತಿದ್ದೆ. ಅದೂ ಅನುವಾದವೇ. ಸಂಬಳ ಮಾತ್ರ ಇಲ್ಲ.

ಹೆಂಗಸರ ಸಾಮಾನ್ಯ ವಾರ್ಡು. ಕಿಟಕಿಯ ಹತ್ತಿರದ ಮಂಚ. ಶಾಂತಕ್ಕ ಸಣ್ಣ ಆಕೃತಿ, ತಲೆಗೂದಲು ಇನ್ನೂ ಕಪ್ಪು. ನರ್ಸು ಬಂದು "ವಲಿ ಇರುಕ್ಕಾಮ್ಮಾ?" ಎಂದು ಕೇಳಿದರೆ ನಾನು, "ನೋವಿದೆಯಾ ಶಾಂತಕ್ಕ?" ಎನ್ನುವೆ.

"ಇಲ್ಲ ಅನ್ನವಾ ತಂಗಿ."

ನಾನು "ಇಲ್ಲೆ" ಎನ್ನುವೆ. ನರ್ಸು ಮುಂದಿನ ಮಂಚಕ್ಕೆ ಹೋಗುವಳು. ನೋವಿನ ಇಂಜೆಕ್ಷನ್ ಕೇಳಿದವರಿಗೆ ಕೊಡುತ್ತಿದ್ದರು. ಪಕ್ಕದ ಮಂಚದ ತಮಿಳು ಅಜ್ಜಿ ಇಡೀ ವಾರ್ಡು ಎದ್ದು ಕೂರುವಂತೆ ಕೂಗುತ್ತಿದ್ದಳು. ಅವಳಿಗೆ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು. ಶಾಂತಕ್ಕ ಸದ್ದಿಲ್ಲದೆ ಮಲಗಿರುತ್ತಿದ್ದರು. ಈ ಅಮ್ಮ ಎಷ್ಟು ಸುಖವಾಗಿ ಇದ್ದಾರೆ, ತೊಂದರೆಯೇ ಇಲ್ಲ ಎಂದು ನರ್ಸುಗಳು ಮೆಚ್ಚಿಕೊಂಡರು.

ನನ್ನ ಕಣ್ಣಿಗೆ ಬಿದ್ದದ್ದು ಸೆರಗು. ನೀಲಿ ಅಂಚಿನ ಇಳಕಲ್ ಸೀರೆ, ಒಳ್ಳೆಯದು. ಅದರ ಸೆರಗಿನ ಒಂದು ಮೂಲೆ ಮಾತ್ರ ಜಾಲರಿಯಾಗಿತ್ತು, ಒದ್ದೆಯಾಗಿತ್ತು. ಇಲಿ ಕಡಿದಿದೆಯೇನೋ ಅಂದುಕೊಂಡೆ. ಮಾರನೆಯ ದಿನ ಬೇರೆ ಸೀರೆ, ಅದರದೂ ಅದೇ ಮೂಲೆ. ಆಗ ಅವರ ಬಾಯಿ ನೋಡಿದೆ. ತುಟಿಗೆ ಆ ಸೀರೆಯದೇ ಒಂದು ಎಳೆ ಅಂಟಿತ್ತು.

"ಶಾಂತಕ್ಕ, ಇದೇನು ಹೀಗೆ? ಕೇಳಿದ್ರೆ ಇಂಜೆಕ್ಷನ್ ಕೊಡ್ತಾರಲ್ಲ."

ಅವರು ಎರಡೂ ಕಡೆ ನೋಡಿ ಸಣ್ಣ ದನಿಯಲ್ಲಿ ಹೇಳಿದರು. "ಸಭಾದವರು ದಿನಾ ಬರ್ತಾರವಾ. ಕಮಲಮ್ಮ ಹೇಳ್ಯಾಳ, ಸ್ವಾಮಿ ಶಿಲುಬಿ ಮ್ಯಾಲೆ ಕುರಿಮರಿ ಹಂಗ ಸುಮ್ಮನಿದ್ರು, ನೀನೂ ತಾಳ್ಕೋ ಅಂತ. ಈ ವಾರ್ಡಿನಾಗ ನಮ್ಮೋಳು ಅಂತ ಇರಾಕಿ ನಾ ಒಬ್ಬಾಕಿ. ನಾ ಚೀರಿದ್ರ ಸಾಕ್ಷಿ ಕೆಡತೈತಿ."

"ಸಾರ್ ಏನಂತಾರೆ?"

"ಅವರೇನ್ ಅಂತಾರ. ರೇಡಿಯೋದಾಗ ಊರಿಗೆಲ್ಲಾ ಹೇಳೋರ ಹೆಂಡ್ತಿ ನಾನು." ಸ್ವಲ್ಪ ಹೊತ್ತು ಸೆರಗು ಕಚ್ಚಿ ಬಿಟ್ಟು ಮತ್ತೆ ಕೇಳಿದರು. "ನೀನು ಅದನ್ನೆಲ್ಲಾ ಬರೀತೀಯಲ್ಲಾ. ಖರೇ ಹೇಳು. ಸುಮ್ಮನಿದ್ರೇನು ಸ್ವಾಮಿ?"

ಕಮಲಮ್ಮ ಕೆಟ್ಟವರಲ್ಲ. ದಿನಾ ಬಿಸಿಲಿನಲ್ಲಿ ಬಸ್ಸು ಹಿಡಿದು ಥರ್ಮಾಸಿನಲ್ಲಿ ಗಂಜಿ ತರುತ್ತಿದ್ದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಶಿಲುಬೆಗೆ ಮುಂಚೆ ನಡೆದ ವಿಚಾರಣೆಯಲ್ಲಿ ಯೇಸು ಸುಮ್ಮನಿದ್ದದ್ದು ನಿಜ. ಆದರೆ ಶಿಲುಬೆಯ ಮೇಲಿನ ಭಾಗ ಅಂದು ಬೆಳಿಗ್ಗೆ ತಾನೇ ನನ್ನ ಕೈಯಲ್ಲಿತ್ತು.

"ಇಲ್ಲ ಶಾಂತಕ್ಕ," ಎಂದೆ. "ಕೂಗಿದ್ರು. ಜೋರಾಗಿ ಕೂಗಿದ್ರು ಅಂತಲೇ ಇದೆ. ದೇವರೇ, ಯಾಕೆ ನನ್ನ ಕೈಬಿಟ್ಟೆ ಅಂತ."

"ಅದು ನನಗ ಗೊತ್ತೈತಿ. ವರ್ಷಾ ವರ್ಷಾ ಓದ್ತಾರ. ಮೆಲ್ಲಗ, ಹಾಡಿನ ಹಂಗ ಓದ್ತಾರ. ಅದು ಚೀರಿದ್ದು ಅಂತ ಯಾರೂ ಅಂದಿಲ್ಲ."

"ಚೀರಿದ್ದೇ. ಅದೇ ದೊಡ್ಡ ಪುರಾವೆ ಅಂತ ಬರೆದಿದ್ದಾರೆ."

ಶಾಂತಕ್ಕ ಸೆರಗಿನ ಹರಿದ ಮೂಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಆಮೇಲೆ, "ನನಗ ಹೇಳಿದ್ರ ಏನ್ ಬಂತು? ಅವರಿಗೆಲ್ಲಾ ಹೇಳಬೇಕು. ನಮ್ಮವರ ಬಾಯಿಂದ ಬರಬೇಕು," ಎಂದರು.

ಆ ವಾದ ಏನೆಂದು ಹೇಳುತ್ತೇನೆ. ಒಬ್ಬನನ್ನು ದೇವರೆಂದು ಸಾರಲು ಹೊರಟವರು ಕಟ್ಟುಕಥೆ ಕಟ್ಟುವುದಾದರೆ, ಅವನು ಧೀರನಾಗಿ ಸತ್ತನೆಂದೇ ಕಟ್ಟುತ್ತಾರೆ. ಗುಲಾಮರಿಗೆ ಕೊಡುವ ಶಿಕ್ಷೆಯಲ್ಲಿ, ಬಟ್ಟೆಯಿಲ್ಲದೆ, ದೇವರು ಕೈಬಿಟ್ಟನೆಂದು ಕೂಗಿ ಸತ್ತ ಎಂದು ಯಾರೂ ಕಟ್ಟುವುದಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿಯನ್ನು ತಾವಾಗಿಯೇ ಹೇಳಿದ್ದಾರೆ. ಹಾಗಾದರೆ ಅದು ನಡೆದಿರಬೇಕು. ಆ ಕೂಗನ್ನು ಅವನ ಮನೆಮಾತಿನಲ್ಲೇ ಉಳಿಸಿಕೊಂಡಿದ್ದಾರೆ, ಕೇಳಿದವರಿಗೆ ಮರೆಯಲು ಆಗಿರಲಿಲ್ಲವೇನೋ. ಈಟಿ, ಮಣಿಕಟ್ಟು, ರಕ್ತ, ನೀರು ಇವು ಯಾವುವೂ ನನ್ನ ಮನಸ್ಸಿಗೆ ಹಿಡಿದಿರಲಿಲ್ಲ. ಡಾಕ್ಟರುಗಳು ಹೇಗೂ ಜಗಳವಾಡುತ್ತಾರೆ. ಇದು ಹಿಡಿಯಿತು. ಹೆಣ್ಣು ಕೇಳಲು ಬಂದವರನ್ನು ನಾನು ಕಂಡಿದ್ದೇನೆ. ಹುಡುಗನ ಸಂಬಳ ಹೇಳಿದರೆ ಅರ್ಧ ನಂಬಬೇಕು. "ನಮ್ಮ ಹುಡುಗನಿಗೆ ಚಿಕ್ಕಂದಿನಲ್ಲಿ ಮೂರ್ಛೆರೋಗ ಇತ್ತು" ಎಂದು ಅವರೇ ಬಾಯಿಬಿಟ್ಟರೆ ಪೂರ್ತಿ ನಂಬಬಹುದು.

ಮಾರನೆಯ ದಿನ ಸ್ಟುಡಿಯೋಗೆ ಹೋದಾಗ ಶುಭ ಶುಕ್ರವಾರದ ಭಾಗದ ಹಾಳೆ ಮೇಜಿನ ಮೇಲಿತ್ತು. ಆ ಕೂಗಿನ ಪ್ಯಾರಾ ಪೂರ್ತಿ ಎರಡನೇ ಪೆನ್ನಿನಿಂದ ಹೊಡೆದಿತ್ತು.

"ಸಾರ್, ಇದನ್ನು ಯಾಕೆ ತೆಗೆದ್ರಿ?"

"ಹಳ್ಳ್ಯಾಗ ಕೇಳೋರೆಲ್ಲಾ ಹಿಂದೂಗಳು ಅಕ್ಕಾರ. ದೇವರಂತ ಹೇಳ್ತಾರ, ಅಂವಾ ಅಳ್ತಾ ಸತ್ತ ಅಂತಾರ, ಎಂಥಾ ದೇವರು ಅಂತ ನಗ್ತಾರ. ನಮ್ಮ ಸಾಕ್ಷಿ ಕೆಡತೈತಿ."

"ನಾನೂ ಹಿಂದೂನೇ ಸಾರ್."

ಅವರು ತಲೆಯೆತ್ತಿದರು.

"ನಾನು ನಗಲಿಲ್ಲ. ಇಷ್ಟು ದಿನದ ಹಾಳೆಗಳಲ್ಲಿ ನನಗೆ ನಂಬಿಕೆ ಬಂದದ್ದು ಇದೊಂದು ಕಡೆ. ಆತ ನಿಜವಾಗಿ ಸತ್ತದ್ದು ನಂಬ್ತೀನಿ. ಎದ್ದದ್ದು ನನಗೆ ಗೊತ್ತಿಲ್ಲ."

"ಅರ್ಧಾ ನಂಬಿದ್ರಿ ಅನ್ರಿ."

"ಮೊದಲಿನ ಅರ್ಧ ಸಾರ್."

ಅವರು ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಶಾಂತಕ್ಕನ ವಿಷಯ ಎತ್ತಬಾರದು ಅಂದುಕೊಂಡಿದ್ದೆ. ಗಂಡ ಹೆಂಡತಿಯ ನಡುವಿನದು, ನಾನು ಹೊರಗಿನವಳು. ಆದರೆ ಎತ್ತಿದೆ.

"ಸಾರ್, ಶಾಂತಕ್ಕನ ಸೆರಗು ನೋಡಿದ್ದೀರಾ?"

"ಯಾಕ?"

"ನೋಡಿ ಬನ್ನಿ."

ಅಂದು ಸಂಜೆ ಅವರು ನೋಡಿದರೋ ಇಲ್ಲವೋ ನನಗೆ ಹೇಳಲಿಲ್ಲ. ಮರುದಿನ ಧ್ವನಿಮುದ್ರಣಕ್ಕೆ ಬಂದಾಗ ಅವರ ಅಂಗಿಯ ಜೇಬಿನಲ್ಲಿ ಒಂದೇ ಪೆನ್ನಿತ್ತು. ಹೊಡೆದುಹಾಕಿದ್ದ ಪ್ಯಾರಾವನ್ನು ತಮ್ಮ ಕೈಯಲ್ಲೇ ಮತ್ತೆ ಬರೆದುಕೊಂಡು ತಂದಿದ್ದರು.

"ಇವತ್ತು ಇದನ್ನ ನಾ ಓದ್ತೀನಿ ಅಕ್ಕಾರ. ನೀವು ಮುಂದಿಂದು ಓದ್ರಿ," ಎಂದರು.

ನಾನು ಗಾಜಿನಾಚೆ ಸೆಲ್ವರಾಜನ ಪಕ್ಕ ಕೂತೆ. ದೇವದಾನ ಸಾರ್ ಭಾಷಣಕಾರರು, ಅವರ ದನಿಗೆ ಒಂದು ಲಯವಿತ್ತು, ಕೊನೆಯ ಪದ ಯಾವಾಗಲೂ ಮೇಲೆತ್ತಿ ಬಿಡುತ್ತಿದ್ದರು. ಆ ಲಯದಲ್ಲೇ ಓದಿಕೊಂಡು ಬಂದರು. ಕೂಗಿನ ಸಾಲು ಬಂತು. ನಿಂತರು. ಫ್ಯಾನ್ ಆರಿಸಿದ ಕೋಣೆಯಲ್ಲಿ ಅವರ ಹಣೆಯಿಂದ ಬೆವರು ಹಾಳೆಯ ಮೇಲೆ ಬಿತ್ತು. ಆಮೇಲೆ ಹಾಳೆ ಕೆಳಗಿಟ್ಟು, ನನ್ನನ್ನೂ ನೋಡದೆ, ಮೈಕನ್ನೂ ನೋಡದೆ ಕೂಗಿದರು.

"ಯಾಕ್ ನನ್ನ ಕೈ ಬಿಟ್ಟಿ!"

ಹಾಳೆಯಲ್ಲಿ 'ಬಿಟ್ಟೆ' ಎಂದಿತ್ತು. ಅವರ ಬಾಯಿಂದ ಹುಬ್ಬಳ್ಳಿ ಬಂತು. ಸೆಲ್ವರಾಜನ ಮುಂದಿದ್ದ, ದನಿ ಅಳೆಯುವ ಮೀಟರಿನ ಮುಳ್ಳು ಒಮ್ಮೆಲೇ ಕೆಂಪಿಗೆ ಹೋಗಿ ಆ ತುದಿಗೆ ಬಡಿಯಿತು. ಇಂಥ ಸಮಯದಲ್ಲಿ ಅವನ ಕೈ ತಾನಾಗಿ ಗುಂಡಿಗೆ ಹೋಗಿ ದನಿ ತಗ್ಗಿಸುತ್ತದೆ, ಅದು ಅವನ ವಿದ್ಯೆ. ಅಂದು ಕೈ ಗುಂಡಿಯ ಮೇಲಿತ್ತು, ತಿರುಗಿಸಲಿಲ್ಲ.

ಸಾರ್ ಹೊರಬಂದು ಮುಖ ಒರೆಸಿಕೊಂಡು, "ದನಿ ಒಡದೈತಿ ಅಲ್ಲಾ? ಕಟ್ ಮಾಡಿ ಇನ್ನೊಮ್ಮೆ ತಗೊಳ್ಳೋಣೇನು?" ಎಂದರು.

ಸೆಲ್ವರಾಜನಿಗೆ ಮಾತು ಅರ್ಥವಾಗಿತ್ತೋ ಇಲ್ಲವೋ. ತಲೆಯಾಡಿಸಿ, "ವೇಣಾಂ ಸಾರ್. ಸತ್ತಂ ಇರಕ್ಕಟ್ಟುಂ," ಎಂದ. ಬೇಡ, ಸದ್ದು ಇರಲಿ ಎಂದು. ಗೋಡೆಯ ಮೊಳೆ ಅಂದು ಖಾಲಿ ಇತ್ತು.

ಕೆಲವು ವಾರಗಳ ಮೇಲೆ, ಆ ಟೇಪು ಸಮುದ್ರದಾಚೆಯಿಂದ ಪ್ರಸಾರವಾಗುವ ಶುಭ ಶುಕ್ರವಾರ ಸಂಜೆ, ನಾನು ವಾರ್ಡಿನಲ್ಲಿದ್ದೆ. ಹೋಗಬೇಕಾಗಿರಲಿಲ್ಲ, ಸ್ಟುಡಿಯೋಗೆ ರಜೆ. ಕಮಲಮ್ಮ ಮತ್ತು ಸಭೆಯ ಇನ್ನಿಬ್ಬರು ಹೆಂಗಸರು ಬಿಳಿ ಸೀರೆಯಲ್ಲಿ, ಆರಾಧನೆ ಮುಗಿಸಿಕೊಂಡು ನೇರ ಬಂದಿದ್ದರು. ದೇವದಾನ ಸಾರ್ ಮಂಚದ ತಲೆಯ ಕಡೆ ನಿಂತಿದ್ದರು. ಔಷಧಿಯ ಚಿಕ್ಕ ಕಪಾಟಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟು ಏರಿಯಲ್ ಕಿಟಕಿಯ ಸರಳಿಗೆ ತಾಗಿಸಿದ್ದರು. ಶಾರ್ಟ್‌ವೇವ್ ಎಂದರೆ ಗೊತ್ತಲ್ಲ, ದನಿ ಅಲೆಯಂತೆ ಬರುತ್ತದೆ, ಹೋಗುತ್ತದೆ. ಮೊದಲು ನನ್ನ ದನಿ. ನಮ್ಮ ದನಿಯನ್ನು ಬೇರೆಯವರ ಎದುರು ಕೇಳುವುದು ಮುಜುಗರ. ನಾನು ಮಂಚದ ಕಬ್ಬಿಣದಲ್ಲಿ ಬಣ್ಣ ಎದ್ದ ಜಾಗ ನೋಡುತ್ತಾ ನಿಂತೆ. ಆಮೇಲೆ ಸಾರ್ ದನಿ. ಶಾಂತಕ್ಕನ ಬಾಯಲ್ಲಿ ಸೆರಗಿತ್ತು.

ಕೂಗು ಬರುವ ಹೊತ್ತಿಗೆ ಅಲೆ ಏರುತ್ತಿತ್ತು. ಆ ಚಿಕ್ಕ ಡಬ್ಬಿ ಗಡಗಡ ಅಂದಿತು. ಪಕ್ಕದ ಮಂಚದ ಅಜ್ಜಿ "ಯಾರು ಕತ್ತುರಾಂಗ?" ಎಂದು ಎದ್ದು ಕೂತಳು, ಯಾರು ಕೂಗುತ್ತಿರುವುದು ಎಂದು. ಕಮಲಮ್ಮ ಗಾಬರಿಯಿಂದ ದನಿ ಸಣ್ಣ ಮಾಡಲು ಕೈ ಚಾಚಿದರು.

"ಸಣ್ಣ ಮಾಡಬ್ಯಾಡ ಕಮಲಾ," ಎಂದರು ಶಾಂತಕ್ಕ. ಹಾಗೆನ್ನಲು ಬಾಯಿ ತೆರೆಯಬೇಕಾಯಿತು; ಸೆರಗು ಜಾರಿ ಎದೆಯ ಮೇಲೆ ಬಿತ್ತು. ಅವರು ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ರೇಡಿಯೋದಲ್ಲಿ ಗಂಡನ ದನಿ ಪುರಾವೆಯ ಮಾತು ಹೇಳುತ್ತಿತ್ತು, ಯಾರೂ ಕಟ್ಟದ ಮಾತು, ಆದ್ದರಿಂದ ನಡೆದ ಮಾತು ಎಂದು. ಅಷ್ಟರಲ್ಲಿ ನೋವು ಬಂತು. ಬಂದದ್ದು ಅವರ ಕಾಲ್ಬೆರಳುಗಳಲ್ಲಿ ಕಂಡಿತು, ಹೊದಿಕೆಯಡಿ ಮಡಿಚಿಕೊಂಡವು.

"ಯವ್ವಾ... ಯವ್ವಾ... ತಾಳಲಾರೆ!"

ಅಷ್ಟು ಸಣ್ಣ ದೇಹದಲ್ಲಿ ಅಷ್ಟು ದನಿ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಕಮಲಮ್ಮ ಶಾಂತಕ್ಕನ ಗಂಡನ ಕಡೆ ನೋಡಿದರು, ಇವರಾದರೂ ಸಮಾಧಾನ ಹೇಳಿ ಸುಮ್ಮನಾಗಿಸಲಿ ಎಂಬಂತೆ. ದೇವದಾನ ಸಾರ್ ಹೆಂಡತಿಯ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಕಮಲಮ್ಮ ಥರ್ಮಾಸನ್ನು ನೆಲಕ್ಕಿಟ್ಟು ಇನ್ನೊಂದು ಕೈ ಹಿಡಿದುಕೊಂಡರು.

ನರ್ಸು ಓಡಿ ಬಂದಳು. "ಎನ್ನ ಸತ್ತಂ ಇಂಗೆ?" ಇಲ್ಲೇನು ಸದ್ದು ಎಂದು. ಯಾವ ಮಂಚದ್ದೆಂದು ತಿಳಿದಾಗ ಅವಳ ಮುಖ ಬದಲಾಯಿತು. ಹೋಗಿ ಇಂಜೆಕ್ಷನ್ ತಂದಳು. ಕೊಡುತ್ತಾ ಕೊಡುತ್ತಾ ಕೋಪದಿಂದ ಏನೇನೋ ಹೇಳಿದಳು, ಅವಳ ಕಣ್ಣೂ ಒದ್ದೆಯಾಗಿತ್ತು.

ಆಮೇಲೆ ಶಾಂತಕ್ಕ ಬೇಸಿಗೆ ಮುಗಿಯುವವರೆಗೆ ಇದ್ದರು. ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಸೀರೆಗಳ ಸೆರಗು ಇಡಿಯಾಗಿತ್ತು. ನಾನು ಅದೇ ಸ್ಟುಡಿಯೋದಲ್ಲಿ ಎಂಬತ್ತರ ದಶಕದ ಕೊನೆಯವರೆಗೆ ಓದಿದೆ. ಸ್ಪೂಲು ಹೋಗಿ ಕ್ಯಾಸೆಟ್ ಬಂತು, ಬ್ಲೇಡು ಹೋಯಿತು. ಕೆಮ್ಮು ತೆಗೆಯಲು ಈಗ ಗುಂಡಿಗಳಿವೆಯಂತೆ. ತೆಗೆಯಿರಿ, ಕೆಮ್ಮು ಯಾರಿಗೂ ಬೇಡ. ಆದರೆ ತೆಗೆಯುವ ಮುಂಚೆ ಒಮ್ಮೆ ಕೇಳಿ, ಅದು ಕೆಮ್ಮೇ ತಾನೇ ಎಂದು.

ಆ ಶುಭ ಶುಕ್ರವಾರ ಮದ್ದು ಹತ್ತಿ, ಕಾಲ್ಬೆರಳು ಬಿಚ್ಚಿಕೊಂಡ ಮೇಲೆ ಶಾಂತಕ್ಕ ಕಣ್ಣು ತೆರೆದು ನನ್ನನ್ನು ಹುಡುಕಿದರು.

"ಆಕಿ ಏನಂದಳ ತಂಗಿ? ಅಷ್ಟು ಬೈದಳು."

"ಇಷ್ಟು ನೋವಿದ್ರೆ ಮೊದಲೇ ಹೇಳಬಾರದಿತ್ತಾ ಅಂದಳು."

ಶಾಂತಕ್ಕನ ತುಟಿಯ ಮೇಲೆ ಸಣ್ಣ ನಗು ಬಂತು.

"ಮುಂದ ನೋವೈತೇನು ಅಂತ ಕೇಳಿದ್ರ," ಎಂದರು, "ನೀ ಏನೂ ಹೇಳಬ್ಯಾಡವಾ. ಅದನ್ನ ನಾನ ಹೇಳ್ತೀನಿ."